ಒಂದು ಬೆರಳಿನ ದೂರ

ಅಜ್ಜನ ಮನೆಯ ಚಾವಡಿಯಲ್ಲಿ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಭೂಪಟವೊಂದು ತೂಗುತ್ತಿತ್ತು. ಬಟ್ಟೆಗೆ ಅಂಟಿಸಿದ್ದು, ಅಂಚೆಲ್ಲ ಹುಳ ತಿಂದಿತ್ತು. ಕುಂದಾಪುರದಿಂದ ಕಾಸರಗೋಡಿನವರೆಗೆ ಎಲ್ಲ ಊರೂ ತಂತಮ್ಮ ಜಾಗದಲ್ಲಿದ್ದವು. ಎಡಗಡೆ, ಬರೀ ಸಮುದ್ರ ಎಂದು ಖಾಲಿ ಬಿಟ್ಟ ಕಡೆ, ಒಂದು ಚೌಕದೊಳಗೆ ಐದು ಚುಕ್ಕಿ. ಯಾರೋ ಶಾಯಿ ಪೆನ್ನು ಕೊಡವಿದ್ದೆಂದು ನಾನು ಅದನ್ನು ಉಗುರಿನಿಂದ ಕೆರೆಯುತ್ತಿದ್ದಾಗ ಅಜ್ಜ ಗದರಿದರು. "ಅದು ಶಾಯಿ ಅಲ್ಲ ಮಾರಾಯ, ಅಮಿನಿದಿವಿ. ನಾವು ಉಂಡ ಅನ್ನ ಅಲ್ಲಿಂದ ಬಂದದ್ದು."

ಅನ್ನ ಅಲ್ಲಿಂದ ಬಂದದ್ದಲ್ಲ. ಅಲ್ಲಿ ಭತ್ತ ಬೆಳೆಯುವುದೇ ಇಲ್ಲ. ಅಜ್ಜ ಮಂಗಳೂರು ಬಂದರಿನ ಒಂದು ಹಗ್ಗದ ಗೋದಾಮಿನಲ್ಲಿ ಗುಮಾಸ್ತರಾಗಿದ್ದರು. ಸಂಬಳ ಬರುತ್ತಿದ್ದದ್ದು ದ್ವೀಪದ ಕತ್ತದಿಂದ. ಮಳೆಗಾಲ ಕಳೆದು ಸಮುದ್ರ ತೆರೆದುಕೊಂಡ ಮೇಲೆ ಓಡಗಳು ಬರುತ್ತಿದ್ದವಂತೆ. ಮೊಳೆಯನ್ನೇ ಹೊಡೆಯದೆ, ಹಲಗೆಗೆ ಹಲಗೆಯನ್ನು ಕತ್ತದ ಹುರಿಯಲ್ಲಿ ಹೊಲಿದು ಕಟ್ಟಿದ ಹಾಯಿ ಹಡಗುಗಳು. ಹೊತ್ತು ತರುತ್ತಿದ್ದದ್ದೂ ಅದೇ ಕತ್ತ, ಕೊಪ್ಪರ, ದ್ವೀಪದ ಬೆಲ್ಲ. ವಾಪಸ್ ಹೋಗುವಾಗ ಅಕ್ಕಿ, ಹೆಂಚು, ಬಟ್ಟೆ. ಅಜ್ಜನಿಗೆ ತೂಕದ ಕೆಲಸ. ದಾರಿಯಲ್ಲಿ ಕಡಲ ನೀರು ಕುಡಿದ ಕತ್ತ ಒಣಗಿದ್ದಕ್ಕಿಂತ ಭಾರ ತೂಗುತ್ತದೆ. ಅದಕ್ಕೆ ಖಂಡಿಗೆ ಇಷ್ಟು ಎಂದು ಕಳೆಯಬೇಕು. ಹೆಬ್ಬೆರಳನ್ನು ಸಿಂಬಿಯ ಹೊಟ್ಟೆಗೆ ಒಮ್ಮೆ ಒತ್ತಿ, ನೀರು ಎಷ್ಟಿದೆ ಎಂದು ಹೇಳಿಬಿಡುತ್ತಿದ್ದರಂತೆ. ನಿವೃತ್ತರಾದ ಮೇಲೂ ಬಾವಿಯ ಹಗ್ಗ, ದನದ ಹಗ್ಗ, ಏನು ಸಿಕ್ಕಿದರೂ ಹೆಬ್ಬೆರಳು ಒತ್ತುವುದು ಬಿಡಲಿಲ್ಲ. ಇಷ್ಟೆಲ್ಲ ಇದ್ದೂ ಅವರು ಒಮ್ಮೆಯೂ ದ್ವೀಪಕ್ಕೆ ಹೋಗಲಿಲ್ಲ. ಮಂಗಳೂರಿನ ಗುಮಾಸ್ತ ಅಲ್ಲಿಗೆ ಯಾಕೆ ಹೋಗಬೇಕು?

ಆ ಐದು ಚುಕ್ಕಿಗಳು ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ. ಅಮಿನಿಯವರು ಕಣ್ಣೂರಿನ ಅರಕ್ಕಲ್ ಬೀಬಿಯ ಆಡಳಿತದಿಂದ ರೋಸಿಹೋಗಿ, 1780ರ ದಶಕದಲ್ಲಿ ಮಂಗಳೂರಿಗೆ ಬಂದು ಟಿಪ್ಪುವಿನ ಮುಂದೆ ನಿಂತರು. ದ್ವೀಪಗಳು ಟಿಪ್ಪುವಿನ ಕೈಸೇರಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯ ಕೈಗೆ ಹೋದವು. ಆಡಳಿತ ಮಂಗಳೂರಿನಿಂದಲೇ ನಡೆಯಿತು. ಕತ್ತ ಸರಕಾರದ ಏಕಸ್ವಾಮ್ಯ, ಅದರ ಬದಲಿಗೆ ಅಕ್ಕಿ ಎಂಬ ಲೆಕ್ಕ ಅಲ್ಲಿನ ಜನರ ಬದುಕನ್ನೇ ನಮ್ಮ ದಕ್ಕೆಯ ತಕ್ಕಡಿಗೆ ಕಟ್ಟಿಹಾಕಿತ್ತು. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಮದ್ರಾಸಿನಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು, ಈ ಐದು ಚುಕ್ಕಿಗಳು ಈಗ ಲಕ್ಷದ್ವೀಪ ಎನ್ನುವ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು. ಕಾಸರಗೋಡು ಹೋಯಿತೆಂದು ನಾವು ಇವತ್ತಿಗೂ ಭಾಷಣ ಮಾಡುತ್ತೇವೆ. ಈ ಐದು ಊರು ಹೋದದ್ದು ನಮ್ಮಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ.

ನಾನು ಹೋದದ್ದು 2019ರ ಜನವರಿ ಕೊನೆಗೆ, ಅದೂ ಯಾಟಿನಲ್ಲಿ. ಯಾಟ್ ಎಂದರೆ ಶಾಂಪೇನ್, ಬಿಳಿ ಪ್ಯಾಂಟು ಎಂದುಕೊಳ್ಳಬೇಡಿ. ನನ್ನ ಶಾಲಾ ಸ್ನೇಹಿತನೊಬ್ಬ ಮೂವತ್ತು ವರ್ಷ ಸರಕು ಹಡಗಿನಲ್ಲಿ ದುಡಿದು, ಕೊನೆಗೆ ಕ್ಯಾಪ್ಟನ್ ಆಗಿ ನಿವೃತ್ತನಾಗಿ, ಉಳಿದ ದುಡ್ಡಿನಲ್ಲಿ 38 ಅಡಿಯ ಹಳೆಯ ಕ್ಯಾಟಮರಾನ್ ಕೊಂಡಿದ್ದ. ಜೋಡಿ ಒಡಲಿನ ಹಾಯಿದೋಣಿ. ಕಟ್ಟುಮರಂ ಎಂಬ ತಮಿಳು ಮಾತು ಇಂಗ್ಲಿಷಿಗೆ ಹೋಗಿ, ಫೈಬರ್ ಅಂಗಿ ತೊಟ್ಟು, ಹತ್ತುಪಟ್ಟು ಬೆಲೆ ಕಟ್ಟಿಕೊಂಡು ವಾಪಸ್ ಬಂದದ್ದು. ಅದನ್ನು ಗೋವಾದಿಂದ ಕೊಚ್ಚಿಗೆ ಒಯ್ಯಬೇಕಿತ್ತು. ನಡುವೆ ಕಡಮತ್‌ನಲ್ಲಿ ನಾಲ್ಕು ದಿನ ನಿಲ್ಲುವುದೆಂದು ಪರ್ಮಿಟ್ ತೆಗೆಸಿದ್ದ. ಭಾರತದವರಿಗೂ ಅಲ್ಲಿಗೆ ಪ್ರವೇಶ ಪರವಾನಗಿ ಬೇಕಿತ್ತು, ಪೊಲೀಸ್ ದೃಢೀಕರಣ ಬೇಕಿತ್ತು. ದೋಣಿಗೆ ಬೇರೆಯದೇ ಕಾಗದಗಳ ಕಟ್ಟು. ಪಾನನಿಷೇಧವಿರುವ ದ್ವೀಪವಾದ್ದರಿಂದ ಗೋವಾದಿಂದ ಹೊರಟ ದೋಣಿಯಾದರೂ ಒಳಗೆ ಕೋಕಂ ಷರಬತ್ತು ಮಾತ್ರ. ನಾಲ್ಕು ಜನರಲ್ಲಿ ಸಮುದ್ರದ ಗಂಧಗಾಳಿ ಇಲ್ಲದವನು ನಾನೊಬ್ಬನೇ. ನನಗೆ ಕೊಟ್ಟ ಕೆಲಸ ಅಡುಗೆ, ಪಾತ್ರೆ, ಮತ್ತು ರಾತ್ರಿ ಹನ್ನೆರಡರಿಂದ ಮೂರರ ಪಾಳಿ.

ದಾರಿಯಲ್ಲಿ ನನ್ನನ್ನು ಹತ್ತಿಸಿಕೊಂಡ ಮಂಗಳೂರಿನಿಂದ ಹೊರಟು, ಬೆಳಗಿನ ಜಾವ ಐದಕ್ಕೆ ಬೆಂಗ್ರೆಯ ಅಳಿವೆ ದಾಟಿದೆವು. ಮಂಗಳೂರಿನಿಂದ ಕಡಮತ್ ನೈಋತ್ಯಕ್ಕೆ ಸುಮಾರು 155 ನಾಟಿಕಲ್ ಮೈಲಿ, ಕಿಲೋಮೀಟರಿನಲ್ಲಿ 290ರ ಆಸುಪಾಸು. ರಸ್ತೆಯಲ್ಲಿ ಮೈಸೂರು ದಾಟಿದಷ್ಟೇ ದೂರ. ಗಂಟೆಗೆ ಐದು ಮೈಲಿಯ ನಮ್ಮ ಓಟಕ್ಕೆ ಮೂವತ್ತೊಂದು ಗಂಟೆ. ಈ ಲೆಕ್ಕವನ್ನು ಕ್ಯಾಪ್ಟನ್ ಕೊನೆಯಿಂದ ಮೊದಲಿಗೆ ಹಾಕಿದ್ದ. ಹವಳದ ದಿಬ್ಬದ ಬಾಗಿಲು ಹೊಗುವಾಗ ಸೂರ್ಯ ನೆತ್ತಿ ದಾಟಿ ಬೆನ್ನ ಹಿಂದೆ ಇರಬೇಕು. ಎದುರಿದ್ದರೆ ನೀರು ಬರೀ ಕನ್ನಡಿ, ಕೆಳಗಿನ ಕಲ್ಲು ಕಾಣುವುದಿಲ್ಲ. ಲಕ್ಷದ್ವೀಪದ ಹೆಚ್ಚಿನ ದ್ವೀಪಗಳಲ್ಲಿ ನೆಲವಿರುವುದು ಪೂರ್ವದ ಅಂಚಿಗೆ, ಕೆರೆಯಂಥ ಲಗೂನ್ ಪಶ್ಚಿಮಕ್ಕೆ. ಮುಂಗಾರಿನ ಅಲೆಗಳ ಹೊಡೆತವನ್ನು ಪಶ್ಚಿಮದ ಹವಳದ ಗೋಡೆ ತಿನ್ನುತ್ತದೆ, ಜನ ಅದರ ಬೆನ್ನಿಗೆ ಮನೆ ಕಟ್ಟಿಕೊಂಡಿದ್ದಾರೆ. ಹಾಗಾಗಿ ನಾವು ದ್ವೀಪವನ್ನು ಬಳಸಿಕೊಂಡು ಹೋಗಿ, ಪಶ್ಚಿಮದಿಂದ, ಮಧ್ಯಾಹ್ನದ ಮೇಲೆ ಒಳಹೊಗಬೇಕು.

ಮೊದಲ ಆರು ಗಂಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾಡಿದ ಉಪ್ಪಿಟ್ಟು ಅವರು ತಿಂದರು, ನಾನು ಮೀನಿಗೆ ಹಾಕಿದೆ.

ಸಂಜೆಯ ಹೊತ್ತಿಗೆ ಆಳ ತೋರಿಸುವ ಯಂತ್ರ ಎರಡು ಗೆರೆ ತೋರಿಸಿ ಸುಮ್ಮನಾಗಿತ್ತು. ಭೂಖಂಡದ ಅಂಚು ಮುಗಿದು ಸಾವಿರಾರು ಅಡಿಯ ನೀರಿನ ಮೇಲೆ ಇದ್ದೆವು. ನನ್ನ ಪಾಳಿಗೆ ಎಬ್ಬಿಸಿದಾಗ ಗಾಳಿ ಸಣ್ಣಗೆ ಈಶಾನ್ಯಕ್ಕೆ ತಿರುಗಿತ್ತು. ಕ್ಯಾಪ್ಟನ್ ನಿದ್ದೆಗೆ ಹೋಗಲಿಲ್ಲ. ರಟ್ಟಿನ ತುಂಡೊಂದರ ನಡುವೆ ತೂತು ಮಾಡಿ, ದಾರ ಪೋಣಿಸಿ, ದಾರಕ್ಕೆ ಗಂಟು ಹಾಕಿ ತಂದ. "ಇದು ಕಮಾಲ್. ಗಂಟು ಹಲ್ಲಲ್ಲಿ ಕಚ್ಚು. ದಾರ ಬಿಗಿಯಾಗುವ ತನಕ ರಟ್ಟನ್ನು ಮುಂದೆ ಹಿಡಿ. ಕೆಳಗಿನ ಅಂಚು ದಿಗಂತಕ್ಕೆ, ಮೇಲಿನ ಅಂಚು ಧ್ರುವ ನಕ್ಷತ್ರಕ್ಕೆ."

ಬಲಗಡೆ ಹಿಂದಕ್ಕೆ, ಮಂದವಾಗಿ, ದಿಗಂತದ ಮಬ್ಬಿಗಿಂತ ಸ್ವಲ್ಪವೇ ಮೇಲೆ ಅದು ಇತ್ತು. ನಮ್ಮ ಕಡೆಯ ಧ್ರುವ ಹೀಗೆಯೇ. ಕತೆಯಲ್ಲಿರುವಷ್ಟು ಎತ್ತರದಲ್ಲಿ ಇರುವುದಿಲ್ಲ. ಧ್ರುವ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ಹೆಚ್ಚುಕಡಿಮೆ ಅದೇ ನಾವಿರುವ ಜಾಗದ ಅಕ್ಷಾಂಶ. ಮಂಗಳೂರಿನಲ್ಲಿ ಸುಮಾರು ಹದಿಮೂರು, ಕಡಮತ್‌ನಲ್ಲಿ ಹನ್ನೊಂದು ಚಿಲ್ಲರೆ. ಅರಬ್ ನಾವಿಕರು ಇದನ್ನು ಡಿಗ್ರಿಯಲ್ಲಿ ಅಳೆಯಲಿಲ್ಲ, ಕೈಚಾಚಿದ ಬೆರಳಿನ ಅಗಲದಲ್ಲಿ ಅಳೆದರು. ಅವರ ಒಂದು ಬೆರಳು ಎಂದರೆ ಒಂದೂವರೆ ಡಿಗ್ರಿಗಿಂತ ಚೂರು ಹೆಚ್ಚು. ದ್ವೀಪದ ಮಾಲುಮಿಗಳೂ ರಹ್ಮಾನಿ ಎಂಬ ಕೈಬರಹದ ಪುಸ್ತಕಗಳನ್ನೂ ಈ ಹಲಗೆಯನ್ನೂ ಇಟ್ಟುಕೊಂಡು ಓಡ ನಡೆಸುತ್ತಿದ್ದರು. ನಾನು ಲೆಕ್ಕ ಹಾಕಿದೆ. ಮಂಗಳೂರಿನಿಂದ ಕಡಮತ್‌ಗೆ ಧ್ರುವ ಇಳಿಯುವುದು ಬಹುತೇಕ ಸರಿಯಾಗಿ ಒಂದು ಬೆರಳು.

ರಟ್ಟು ಅಲುಗಾಡುತ್ತಿತ್ತು, ಬಾಯಲ್ಲಿ ದಾರ ಉಪ್ಪುಪ್ಪಾಗಿತ್ತು, ಮುಂದೆ ಜಿಪಿಎಸ್ ಪರದೆ ನಾವಿರುವ ಜಾಗವನ್ನು ಮೀಟರಿನ ಲೆಕ್ಕದಲ್ಲಿ ಹೇಳುತ್ತಿತ್ತು. ನನ್ನ ಅಳತೆ ಒಂದು ಸಲ ನಮ್ಮನ್ನು ಭಟ್ಕಳಕ್ಕೂ ಇನ್ನೊಂದು ಸಲ ಕೊಲ್ಲಂಗೂ ಕೊಂಡೊಯ್ದಿತು. ಕ್ಯಾಪ್ಟನ್ ನಕ್ಕು ಮಲಗಲು ಹೋದ.

ಮರುದಿನ ಹನ್ನೊಂದರ ಹೊತ್ತಿಗೆ ಅವನು ನೀರನ್ನಲ್ಲ, ಮೋಡವನ್ನು ನೋಡು ಎಂದ. ಎದುರಿನ ಮೋಡಗಳ ಸಾಲಿನಲ್ಲಿ ಒಂದರ ಹೊಟ್ಟೆ ಮಾತ್ರ ತಿಳಿಹಸಿರು. ಕೆಳಗಿನ ಲಗೂನಿನ ಬೆಳಕು ಮೇಲಕ್ಕೆ ಹೊಡೆದದ್ದು. ದ್ವೀಪ ಕಾಣುವ ಮೊದಲೇ ಅದರ ಬಣ್ಣ ಕಂಡಿತ್ತು. ಆಮೇಲೆ ನೀರಿನ ಗೆರೆಯ ಮೇಲೆ ಹಲ್ಲುಕುಂಚದಂಥ ತೆಂಗಿನ ತುದಿಗಳು. ಗುಡ್ಡವಿಲ್ಲ, ಏರಿಲ್ಲ. ಒಂಬತ್ತು ಕಿಲೋಮೀಟರಿಗೂ ಮಿಕ್ಕಿದ ಉದ್ದ, ಅತ್ಯಂತ ಅಗಲವಾದ ಕಡೆಯೂ ಅರ್ಧ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಯಾರೋ ಕಡಲಿನ ಮೇಲೆ ಹಗ್ಗ ಹಾಸಿ ಮರೆತುಹೋದ ಹಾಗೆ.

ಉತ್ತರದ ತುದಿ ಬಳಸಿ ಪಶ್ಚಿಮಕ್ಕೆ ಬಂದಾಗ ಆಳದ ಯಂತ್ರ ಎಚ್ಚೆತ್ತಿತು. ನೂರು ಮೀಟರ್, ಅರವತ್ತು, ಹದಿನೆಂಟು. ಒಂದು ಗೋಡೆ ಹತ್ತಿದಂತೆ. ದ್ವೀಪ ನಿಂತಿರುವುದು ಮುಳುಗಿಹೋದ ಒಂದು ಪ್ರಾಚೀನ ಅಗ್ನಿಪರ್ವತ ಸಾಲಿನ ನೆತ್ತಿಯ ಮೇಲೆ. ಬೆಟ್ಟ ಕೆಳಗಿಳಿದಂತೆ ಹವಳ ಮೇಲೆ ಮೇಲೆ ಕಟ್ಟುತ್ತಾ ಬೆಳಕಿನ ಹತ್ತಿರವೇ ಉಳಿದುಕೊಂಡಿತು ಎಂಬ ವಿವರಣೆಯನ್ನು ಡಾರ್ವಿನ್ 1842ರಲ್ಲಿ ಪುಸ್ತಕವಾಗಿ ಬರೆದ. ಅದನ್ನು ಓದಿದ್ದೆ. ಆದರೆ ಯಂತ್ರದ ಅಂಕಿಗಳು ಹಾಗೆ ಓಡಿ ಇಳಿಯುವಾಗ ಹೊಟ್ಟೆಯೊಳಗೆ ಏನೋ ಆಗುತ್ತದೆ.

ಊರಿನ ಒಂದು ಮೋಟಾರ್ ದೋಣಿ ದಾರಿ ತೋರಲು ಬಂತು. ನನ್ನನ್ನು ಮುಂಭಾಗದ ತುದಿಗೆ ನಿಲ್ಲಿಸಿದರು. "ಕಂದು ಕಂಡರೆ ಹಲ್ಲು, ಹಸಿರು ಕಂಡರೆ ಹಾಸಿಗೆ" ಎಂದು ಕ್ಯಾಪ್ಟನ್ ಪಾಠ ಹೇಳಿದ್ದ. ಕಂದು ಎಂದರೆ ಹವಳ, ತಿಳಿಹಸಿರು ಎಂದರೆ ಮರಳು. ಎರಡೂ ಬದಿ ನೊರೆ ಬೀಸುತ್ತಿತ್ತು. ಬಾಗಿಲು ದಾಟಿದ ಕ್ಷಣ ಸದ್ದು ನಿಂತಿತು. ಎರಡು ದಿನದಿಂದ ತೂಗುತ್ತಿದ್ದ ನೆಲ ನಿಂತಿತು. ಮೂರು ಮೀಟರ್ ನೀರಿನಲ್ಲಿ, ಮರಳೆಂದು ನೋಡಿದ ಜಾಗದಲ್ಲಿ, ಲಂಗರು ಬಿಟ್ಟೆವು. ಆ ಮರಳನ್ನು ಆರಿಸಿದವನು ನಾನು.

ರಾತ್ರಿ ಗಾಳಿ ತಿರುಗಿತು, ದೋಣಿಯೂ ತಿರುಗಿತು. ಬೆಳಗ್ಗೆ ಕನ್ನಡಕ, ಉಸಿರುಕೊಳವೆ ಹಾಕಿಕೊಂಡು ಸರಪಳಿಯ ಗುಂಟ ಈಜಿ ನೋಡಿದರೆ, ಸರಪಳಿ ಒಂದು ಹವಳದ ಬಂಡೆಯನ್ನು ಅರ್ಧ ಸುತ್ತಿಕೊಂಡಿದೆ. ಪೊರೈಟಿಸ್ ಜಾತಿಯ ಗುಂಡು ಹವಳ, ಎತ್ತರ ನನ್ನ ಎದೆಮಟ್ಟ. ಸಾಸಿವೆಯ ಹಳದಿ ಮಿಶ್ರಿತ ಕಂದು ಬಣ್ಣ, ಮುಟ್ಟಿದರೆ ಮಂಡೆಗೆ ಹೊಸದಾಗಿ ಕ್ಷೌರ ಮಾಡಿಸಿದಂತೆ ಇರಬಹುದು, ಮುಟ್ಟಲಿಲ್ಲ. ಸರಪಳಿ ಉಜ್ಜಿದ ಕಡೆ ಒಂದು ಗೇಣು ಉದ್ದ, ಅಂಗೈ ಅಗಲ, ಬಿಳಿ. ತೆಂಗಿನಕಾಯಿ ತುರಿದಾಗ ಚಿಪ್ಪಿಗೆ ಅಂಟಿ ಉಳಿಯುತ್ತದಲ್ಲ, ಅಂಥ ಬಿಳಿ. ಅದರಿಂದ ಎಳೆ ಎಳೆಯಾಗಿ ಲೋಳೆ ನೀರಿನಲ್ಲಿ ತೇಲುತ್ತಿತ್ತು. ಈ ಜಾತಿ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಎದೆಮಟ್ಟ ಎಂದರೆ ಹತ್ತಿರ ಹತ್ತಿರ ನೂರೈವತ್ತು ವರ್ಷ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚು ಸುಡಲು ಶುರು ಮಾಡಿದ ಕಾಲಕ್ಕೆ ಇದು ಉಗುರಿನಷ್ಟಿತ್ತೇನೋ.

ಕ್ಯಾಪ್ಟನ್ ಬೈಯಲಿಲ್ಲ. ಇಬ್ಬರೂ ಮುಳುಗಿ ಸರಪಳಿ ಬಿಡಿಸಿ, ಲಂಗರನ್ನು ನಿಜವಾದ ಮರಳಿಗೆ ಸಾಗಿಸಿ, ಸರಪಳಿ ನೆಲ ಮುಟ್ಟದ ಹಾಗೆ ನಡುನಡುವೆ ತೇಲುಬುಗ್ಗೆ ಕಟ್ಟಿದೆವು. ನಾಲ್ಕೂ ದಿನ ಬೆಳಗ್ಗೆ ನಾನು ಹೋಗಿ ಆ ಬಿಳಿಯನ್ನು ನೋಡಿ ಬರುತ್ತಿದ್ದೆ. ಮೂರನೇ ದಿನ ಅದರ ಮೇಲೆ ಹಸಿರು ಪಾಚಿಯ ಮಬ್ಬು ಹತ್ತಿತ್ತು.

ಸುತ್ತ ನೋಡಿದರೆ ನನ್ನ ಗೇಣು ಗಾಯ ಯಾವ ಲೆಕ್ಕಕ್ಕೂ ಇಲ್ಲ ಎಂದೂ ಅನ್ನಿಸುತ್ತಿತ್ತು. ಕೊಂಬೆ ಕೊಂಬೆಯಾಗಿ ಬೆಳೆಯುವ ಹವಳವೆಲ್ಲ ಹೆಚ್ಚಾಗಿ ಪುಡಿಯಾಗಿ ಬಿದ್ದಿತ್ತು, ಹಳೆಯ ಮೂಳೆ ಸುರಿದಂತೆ. 1998, 2010, 2016. ಮೂರು ಸಲ ಕಡಲು ಬಿಸಿಯಾಗಿ, ಹವಳ ತನ್ನೊಳಗಿನ ಪಾಚಿಯನ್ನು ಹೊರದಬ್ಬಿ ಬೆಳ್ಳಗಾಗಿ ಸತ್ತಿತ್ತು. ಉಳಿದದ್ದು ಗಟ್ಟಿ ಗುಂಡುಗಳು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನವರು 1998ರಿಂದಲೂ ಅಗತ್ತಿ, ಕಡಮತ್, ಕವರತ್ತಿಗಳಲ್ಲಿ ಮುಳುಗಿ ಮುಳುಗಿ ಎಣಿಸುತ್ತ ಬಂದಿದ್ದಾರೆ; ಇಪ್ಪತ್ತನಾಲ್ಕು ವರ್ಷದಲ್ಲಿ ಜೀವಂತ ಹವಳದ ಹೊದಿಕೆ ಅರ್ಧಕ್ಕೆ ಇಳಿಯಿತು ಎಂಬುದು ಅವರ ಲೆಕ್ಕ. 2024ರಲ್ಲಿ ಮತ್ತೊಮ್ಮೆ ಬೆಳ್ಳಗಾಯಿತು. ನನ್ನ ಗುಂಡು ಇದೆಯೋ ಇಲ್ಲವೋ.

ಊರಿನವರಿಗೆ ಮಾತ್ರ ಹವಳಕ್ಕಿಂತ ಆಮೆಯ ಮೇಲೆ ಸಿಟ್ಟು. ಹಸಿರು ಕಡಲಾಮೆಗಳು ಗುಂಪು ಗುಂಪಾಗಿ ಬಂದು ಲಗೂನಿನ ಕಡಲಹುಲ್ಲನ್ನು ಬೇರು ಸಮೇತ ಮೇದುಬಿಟ್ಟಿವೆ, ಹುಲ್ಲು ಹೋದ ಮೇಲೆ ಅದರಲ್ಲಿ ಮರಿ ಮಾಡುತ್ತಿದ್ದ ಮೀನೂ ಹೋಯಿತು ಎಂದು ಬಲೆ ಒಣಗಿಸುತ್ತಿದ್ದ ಹುಡುಗ ಹೇಳಿದ. ಕಾನೂನು ಆಮೆಯ ಕಡೆಗಿದೆ. ನಮ್ಮ ಸುಳ್ಯ, ಸಕಲೇಶಪುರದವರು ಆನೆಯ ಬಗ್ಗೆ ಮಾತಾಡುವ ಧ್ವನಿಯೇ. ಹೊರಗಿನ ಆಳ ಸಮುದ್ರದ ಟ್ಯೂನಾ ಇಲ್ಲದಿದ್ದರೆ ಕಷ್ಟವಿತ್ತು ಎಂದ. ಅದನ್ನು ಅವರು ಬಲೆ ಬೀಸಿ ಹಿಡಿಯುವುದಿಲ್ಲ. ಲಗೂನಿನ ಸಣ್ಣ ಮೀನನ್ನು ಜೀವಂತವಾಗಿ ಎರಚಿ, ಗಳುವಿನ ತುದಿಯ ಗಾಳಕ್ಕೆ ಒಂದೊಂದಾಗಿ ಎತ್ತಿ ಹಿಂದಕ್ಕೆ ಎಸೆಯುತ್ತಾರೆ. ಗಾಳಕ್ಕೆ ಮುಳ್ಳಿಲ್ಲ, ಮೀನು ತಾನೇ ಕಳಚಿ ಬೀಳುತ್ತದೆ.

ಮೂರನೇ ದಿನ ಆ ಹುಡುಗ ತನ್ನ ಅಜ್ಜನ ಮನೆಗೆ ಕರೆದುಕೊಂಡು ಹೋದ. ಮಂಗಳೂರಿನವರು ಬಂದಿದ್ದಾರೆಂದು ಅವರಿಗೆ ಗೊತ್ತಾಗಿತ್ತಂತೆ. ಎಂಬತ್ತು ದಾಟಿದ ಮುದುಕರು, ತೆಳ್ಳಗೆ, ಬಿಳಿ ಲುಂಗಿ. ಜಗಲಿಯಿಂದ ಎದ್ದು ನಿಂತು, ನನ್ನ ಮುಖ ನೋಡಿ, ಸ್ಪಷ್ಟವಾಗಿ ಕೇಳಿದರು: "ಎಂಚ ಉಲ್ಲರ್?"

ಅರಬ್ಬಿ ಸಮುದ್ರದ ನಡುವೆ ತುಳು. ನನಗೆ ಉತ್ತರವೇ ಹೊಳೆಯಲಿಲ್ಲ.

ಅವರ ಜೆಸೆರಿ ಎಂಬ ದ್ವೀಪದ ಮಲಯಾಳ, ನನ್ನ ಮುರುಕು ಮಲಯಾಳ, ನಡುವೆ ಮೊಮ್ಮಗನ ಹಿಂದಿ. ಹನ್ನೆರಡು ವರ್ಷದವರಿದ್ದಾಗ ಮೊದಲ ಬಾರಿ ಓಡದಲ್ಲಿ ಮಂಗಳೂರಿಗೆ ಬಂದರಂತೆ. ಕತ್ತ ಅವರ ತಾಯಿ, ಅಕ್ಕಂದಿರು ಹೊಸೆದದ್ದು. ತೆಂಗಿನ ಸಿಪ್ಪೆಯನ್ನು ಲಗೂನಿನ ಮರಳಿನಲ್ಲಿ ಹೂತು, ಮೇಲೆ ಕಲ್ಲು ಹೇರಿ, ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ಕೊಳೆಸಿ, ಬಡಿದು, ತೊಡೆಯ ಮೇಲೆ ಹೊಸೆಯುವುದು. ದ್ವೀಪದ ಕತ್ತಕ್ಕೆ ಇದ್ದ ಹೆಸರು ಈ ಉಪ್ಪುನೀರಿನಿಂದ ಬಂದದ್ದು. ಕಾಯಿಸಿದ ದ್ವೀಪದ ಬೆಲ್ಲ, ತೆಂಗಿನ ತುರಿ ಸೇರಿಸಿ ಕಟ್ಟಿದ ಉಂಡೆಯನ್ನು ಒಣಬಾಳೆಯಲ್ಲಿ ಸುತ್ತಿ ಕೊಟ್ಟರು. ಕಪ್ಪಗೆ, ಅಂಟಂಟಾಗಿ, ಸ್ವಲ್ಪ ಹೊಗೆಯ ವಾಸನೆ. ಓಡದವರ ಬುತ್ತಿ ಇದೇ ಅಂತೆ, ತಿಂಗಳುಗಟ್ಟಲೆ ಕೆಡುವುದಿಲ್ಲ.

ಹಿತ್ತಿಲಿನ ಬಾವಿ ತೋರಿಸಿದರು. ಎರಡಾಳು ಆಳವೂ ಇಲ್ಲ. ಮರಳಿನೊಳಗೆ ಇಳಿದ ಮಳೆನೀರು ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿಕೊಂಡು ನಿಂತದ್ದೇ ಅವರ ಕುಡಿಯುವ ನೀರು. ಭರತ ಬಂದಾಗ ಬಾವಿ ಏರುತ್ತದೆ, ಇಳಿತವಾದಾಗ ಇಳಿಯುತ್ತದೆ. ಒಳಗೋಡೆಯಲ್ಲಿ ಎರಡು ಪಾಚಿಗೆರೆ. ಹೆಚ್ಚು ಸೇದಿದರೆ ಉಪ್ಪು ಮೇಲೆ ಬರುತ್ತದೆ. ಬಾವಿಕಟ್ಟೆಯ ಪಕ್ಕ ಬಟ್ಟೆ ಒಗೆಯಲು ಹಾಸಿದ್ದ ಹೆಂಚಿನ ಚೂರುಗಳಲ್ಲಿ ಒಂದರ ಮೇಲೆ ಇಂಗ್ಲಿಷ್ ಅಕ್ಷರಗಳು, ಅರ್ಧ ಸವೆದು: 'ಮ್ಯಾಂಗಲೋ'. ಮುಂದಿನದು ಒಡೆದುಹೋಗಿತ್ತು.

ಮಂಗಳೂರಿನಲ್ಲಿ ಏನು ನೆನಪಿದೆ ಎಂದು ಕೇಳಿದೆ. ದಕ್ಕೆಯ ಗಲಾಟೆ, ಎತ್ತಿನಗಾಡಿ, ಮೊದಲ ಬಾರಿ ಕಂಡ ಗುಡ್ಡ. ನೆಲ ಯಾಕೆ ಹೀಗೆ ಎದ್ದು ನಿಂತಿದೆ ಎಂದು ಹೆದರಿಕೆಯಾಗಿತ್ತಂತೆ. ಆಮೇಲೆ ನಕ್ಕು, ತಕ್ಕಡಿ ಎಂದರು. ಇಲ್ಲಿ ತೂಗಿದ್ದು ಅಲ್ಲಿ ಯಾವಾಗಲೂ ಕಡಿಮೆ. ಗುಮಾಸ್ತ ಬರುತ್ತಾನೆ, ಹೀಗೆ ಒತ್ತುತ್ತಾನೆ, ನೀರಿದೆ ಎನ್ನುತ್ತಾನೆ, ಕಳೆಯುತ್ತಾನೆ. ನೀರಿದ್ದರೂ ಕಳೆಯುತ್ತಾನೆ, ಇಲ್ಲದಿದ್ದರೂ ಕಳೆಯುತ್ತಾನೆ. ತಾಯಿಗೆ ಬಂದು ಹೇಳಿದರೆ, ಅಷ್ಟು ಅಕ್ಕಿ ಕಡಿಮೆ ಯಾಕೆಂದು ಅವಳು ತಮ್ಮನ್ನೇ ಕೇಳುತ್ತಿದ್ದಳಂತೆ. 'ಹೀಗೆ ಒತ್ತುತ್ತಾನೆ' ಎಂದಾಗ ಅವರ ಬಲಗೈಯ ಹೆಬ್ಬೆರಳು ಗಾಳಿಯಲ್ಲಿ ಒತ್ತಿ, ಚೂರು ತಿರುಗಿತು. ಆ ತಿರುಗಿಸುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ.

ಬಂದರಿನಲ್ಲಿ ಅಂಥ ಗುಮಾಸ್ತರು ಹತ್ತಾರು ಇದ್ದಿರಬೇಕು. ಎಲ್ಲರೂ ಹಾಗೆಯೇ ಒತ್ತುತ್ತಿದ್ದಿರಬೇಕು. ಅಜ್ಜ ಮನೆಯಲ್ಲಿ ಒಂದು ಕಾಸಿನ ಲೆಕ್ಕವನ್ನೂ ತಪ್ಪಿಸಿದವರಲ್ಲ. ಇದೆಲ್ಲ ನಾನು ಮನಸ್ಸಿನೊಳಗೆ ಹೇಳಿಕೊಂಡದ್ದು. ನಿಮ್ಮ ಮನೆ ಮಂಗಳೂರಿನಲ್ಲಿ ಎಲ್ಲಿ ಎಂದು ಅವರು ಕೇಳಿದಾಗ ಕದ್ರಿ ಎಂದೆ. ಸುಳ್ಳಲ್ಲ, ಈಗ ಇರುವುದು ಅಲ್ಲೇ. ಬಂದರಿನ ಹೆಸರು ಎತ್ತಲಿಲ್ಲ.

ಹೊರಡುವಾಗ ಒಳಗಿನಿಂದ ಕತ್ತದ ಒಂದು ಸಿಂಬಿ ತರಿಸಿ ಕೊಟ್ಟರು. ಈಗ ಯಾರೂ ಹೊಸೆಯುವುದಿಲ್ಲ, ಇದು ಹೆಂಡತಿ ಇದ್ದಾಗ ಮಾಡಿದ್ದು ಎಂದರು. ಮರುದಿನ ಮಧ್ಯಾಹ್ನ ಲಂಗರು ಎತ್ತಿದೆವು. ಆ ರಾತ್ರಿಯ ಪಾಳಿಯಲ್ಲಿ ಧ್ರುವ ಇನ್ನಷ್ಟು ಕೆಳಗಿಳಿದಿತ್ತು. ಕೊಚ್ಚಿಯಿಂದ ನಾನು ರೈಲು ಹತ್ತಿದೆ.

ಸಿಂಬಿ ಈಗ ನನ್ನ ಮನೆಯಲ್ಲಿ, ಅಜ್ಜನ ಆ ಭೂಪಟದ ಪಕ್ಕದ ಮೊಳೆಯಲ್ಲಿದೆ. ಮೊನ್ನೆ ಆಷಾಢದಲ್ಲಿ, ಹೊರಗೆ ನಾಲ್ಕು ದಿನದಿಂದ ಹೊಯ್ಯುತ್ತಿದ್ದ ಮಳೆಗೆ ಬಾಗಿಲು ಉಬ್ಬಿ, ಬೀರುವಿನ ಬಟ್ಟೆಗೆಲ್ಲ ಬೂಸಲು ಬಂದಿದ್ದಾಗ, ಅದನ್ನು ಇಳಿಸಿ ಕೈಯಲ್ಲಿ ಹಿಡಿದೆ. ಯಾರೂ ನೋಡುತ್ತಿಲ್ಲವೆಂದು ಖಚಿತವಾದ ಮೇಲೆ ಹೆಬ್ಬೆರಳಿಟ್ಟು ಒತ್ತಿ ನೋಡಿದೆ. ಒಣಗಿಯೇ ಇತ್ತು.